ಉಗಿ ಕೊಳವೆ ಇದ್ದ ಜಾಗ

ಧಕ್ಕೆ ಓಣಿ
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಅಪ್ಪಾ,

ನೀನು ದುಡಿಯುವಲ್ಲಿಯ ಬಾಯ್ಲರ್ ಹೊಗೆಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೇ ಎಂದು ಕೇಳುವ ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಿನ್ನ ಹಣೆಯ ಸುಟ್ಟ ಕಲೆ ನನ್ನ ಮರೆವಿನಿಂದ ಆದದ್ದಲ್ಲ. ಅವತ್ತು ಮಂಜಿನಲ್ಲಿ ನೀನು ನನ್ನನ್ನು ಶಾಲೆಗೆ ದಬ್ಬಿಕೊಂಡು ಹೋಗುತ್ತಿದ್ದೆ. ನಾನು ಮುಂದೆ, ನೀನು ಹಿಂದೆ, ನನ್ನ ಚೀಲದ ಹರಿದ ಪಟ್ಟಿಗೆ ಗಂಟು ಹಾಕುತ್ತ. ಗಿರಣಿಯ ಉಗಿ ಕೊಳವೆ ಓಣಿಗೆ ಅಡ್ಡ ಬರುವಲ್ಲಿ ಮುಂದಿನವರು ‘ತಲೆ!’ ಎಂದು ಕೂಗಬೇಕು, ಹಿಂದಿನವರು ‘ಹೂಂ’ ಎಂದು ಬಗ್ಗಬೇಕು. ನಮ್ಮ ಓಣಿಯ ಕೂಸಿಗೂ ಅದು ಗೊತ್ತಿತ್ತು. ಶಾಲೆ ತಪ್ಪಲಿ ಎಂದು ನಾನು ಬೇಕೆಂದೇ ಕೂಗಲಿಲ್ಲ. ಶಾಲೆ ತಪ್ಪಿತು, ಆಮೇಲೆ ಬಿಟ್ಟೇ ಹೋಯಿತು.

ಗಿರಣಿ ಕೆಡವಿ, ದೋಣಿ ನಿಲ್ಲುತ್ತಿದ್ದ ಧಕ್ಕೆಗೆ ಕಲ್ಲು ಹಾಸಿ, ಗಾಜಿನ ಮನೆಗಳನ್ನು ಎಬ್ಬಿಸಿದ್ದು ಬರೆದಿದ್ದೆನಲ್ಲ. ಕೊಳವೆಯನ್ನು ನನ್ನ ಕಣ್ಣೆದುರೇ ತುಂಡರಿಸಿ ಲಾರಿಗೆ ತುಂಬಿದರು. ಈಗ ಅಲ್ಲಿ ಬರೀ ಗಾಳಿ. ಆದರೂ ನಮ್ಮವರು ಅಲ್ಲಿಗೆ ಬಂದೊಡನೆ ಬಗ್ಗುತ್ತಾರೆ. ‘ಏನಕ್ಕಾ, ಸೊಂಟ ಹಿಡ್ಕೊಂತಾ, ಇಲ್ಲಾ ನಂಗೇ ನಮಸ್ಕಾರಾನಾ?’ ಎಂದು ಅಮ್ಮನನ್ನು ಕಿಚಾಯಿಸಿದ ಚಹಾದವನು ಮರುಗಳಿಗೆ ಕೆಟಲ್ ಹಿಡಿದು ತಾನೂ ಬಗ್ಗಿದ. ಅಭ್ಯಾಸ ಎಂದುಕೊಂಡೆ. ಆದರೆ ಹೋದ ತಿಂಗಳಿಂದ ಹೊಸಬರೂ ಬಗ್ಗುತ್ತಿದ್ದಾರೆ. ಕೊಳವೆಯನ್ನು ಕಂಡೇ ಇರದ ದಂತವೈದ್ಯೆ ಫೋನಿನಲ್ಲಿ ನಗುತ್ತ ಬಂದು, ಸರಿಯಾಗಿ ಅಲ್ಲೇ ಬಗ್ಗಿ, ನಗುತ್ತಲೇ ಮುಂದೆ ಹೋದಳು. ತಾನು ಬಗ್ಗಿದ್ದು ಅವಳಿಗೇ ಗೊತ್ತಿಲ್ಲ.

ಮನೆ ನೋಡಲು ಬರುವವರನ್ನು ಕರೆದೊಯ್ಯುವುದು ನನ್ನ ಕೆಲಸ. ‘ತಲೆ ಗಿಲೆ ಅಂತ ಕೂಗ್ಬೇಡ ಕಣೇ, ಗಿರಾಕಿ ಓಡೋಗ್ತಾರೆ’ ಎಂದು ಮ್ಯಾನೇಜರ್ ಕಟ್ಟಪ್ಪಣೆ ಮಾಡಿದ್ದರು. ಶನಿವಾರ ನಡುಮಧ್ಯಾಹ್ನ ಒಬ್ಬರು ಪುಟ್ಟ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನನ್ನ ಹಿಂದೆ ಬಂದರು. ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ನಾನು ಕೂಗಿಯೇ ಇರಲಿಲ್ಲ ಅಪ್ಪಾ, ಆದರೂ ಹಿಂದಿನಿಂದ ಹತ್ತಾರು ಗಂಟಲುಗಳು ‘ಹೂಂ’ ಎಂದವು. ತಿರುಗಿದರೆ ಅವರಿಬ್ಬರೇ. ಅವರು ತಮಗರಿವಿಲ್ಲದೆ ಬಗ್ಗಿದರು. ಮಗುವಿನ ಹಣೆ ಕೊಳವೆಯ ಎತ್ತರಕ್ಕೆ ಇಳಿಯಿತು. ಚುರ್ ಎಂದದ್ದು ನನಗೆ ಕೇಳಿಸಿತು. ಹಣೆಯಲ್ಲಿ ಬೆರಳುದ್ದದ ಬೊಬ್ಬೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ತಂದೆ ಬೆಪ್ಪಾಗಿ ಗಾಳಿಯತ್ತ ಕೈ ಚಾಚಿ, ಥಟ್ಟನೆ ಹಿಂದೆಳೆದುಕೊಂಡರು.

ಮಾತ್ರೆ ತಪ್ಪಿಸಬೇಡ. ಅಮ್ಮ ಚೆನ್ನಾಗಿದ್ದಾಳೆ, ಬೈಗುಳಕ್ಕೇನೂ ಕೊರತೆಯಿಲ್ಲ. ನಿನ್ನ ಕಾಲು ಮುಟ್ಟಿ ಕ್ಷಮೆ ಕೇಳುವ,

ನೀನು ‘ಕಾಲು ಸುಟ್ಟ ಬೆಕ್ಕು’ ಎಂದು ಕರೆಯುವ ಮಗಳು

ಮರೆತ ಮಾತು: ಮಗು ದೀಪದ ಕಂಬಕ್ಕೆ ಹಣೆ ತಗುಲಿಸಿಕೊಂಡಿತು ಎಂದು ಬರೆದ ಕಾಗದಕ್ಕೆ ಸಹಿ ಹಾಕಿದರೆ ಮಾತ್ರ ಗಿರಣಿಯವರಿಗೆಂದು ಇಟ್ಟ ಮನೆಗಳಲ್ಲಿ ನಮ್ಮ ಪಾಲಿನ ಮನೆಯ ಬೀಗದ ಕೈ ಎಂದರು ಮ್ಯಾನೇಜರ್. ನೀನು ಹನ್ನೊಂದು ವರ್ಷ ಕಾದ ಮನೆ. ನಾನು ಸಹಿ ಹಾಕಲಿಲ್ಲ. ಮನೆ ಕೈತಪ್ಪಿತು, ಈ ತಗಡಿನ ಶೆಡ್ಡನ್ನೂ ಬಿಡಬೇಕಂತೆ. ‘ಒಂದು ಸುಳ್ಳಿಗೆ ನಿನ್ನ ಕೈ ಸವೆದು ಹೋಗ್ತಿತ್ತೇನೇ?’ ಎಂದು ಅಮ್ಮ ಅತ್ತಳು. ಆಮೇಲೆ ಬಟ್ಟೆ ಮಡಚತೊಡಗಿದಳು. ನೀನಿರುವ ಕಡೆಗೆ ಬರುವ ಲಾರಿಯವನು ಈಗಲೇ ಹೊರಟಿದ್ದಾನೆ, ಕಾಗದ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ನಾವಿಬ್ಬರೂ ನಿನ್ನಲ್ಲಿಗೆ ಹೊರಡುತ್ತೇವೆ.