ಹೋರಾಡಿ ಪಡೆದ ಮಾತ್ರೆ

ಜನವರಿ 9
ಮತ್ತೆ ಮೀನು ಫ್ಯಾಕ್ಟರಿಯ ಪ್ಯಾಕಿಂಗ್ ಸಾಲು. ಮೀನು ತೊಳೆದ ತಣ್ಣೀರು, ಮರಗಟ್ಟಿದ ಬೆರಳು. ಆದರೆ ಗೆದ್ದೆವು! ಕಂಪನಿ ಹಾಸ್ಟೆಲ್ಲಿನಲ್ಲಿ ಭೇದಿ ಹಬ್ಬಿತ್ತು. "ನೀರಿನ ಟ್ಯಾಂಕ್ ತೊಳೆಸಿ, ಔಷಧಿ ಕೊಡಿ" ಎಂದು ಗೇಟಿನಲ್ಲಿ ಕೂತಿದ್ದೆವು. ಟ್ಯಾಂಕಿನ ಮಾತೇ ಇಲ್ಲ. ಔಷಧಿ ಬಂತು — ಆಂಟಿಬಯಾಟಿಕ್, ಕಾಯಿಲೆ ಇದ್ದವರಿಗೂ ಇಲ್ಲದವರಿಗೂ. ಸೂಪರ್‌ವೈಸರ್ ಎದುರು ನುಂಗಿ ಬಾಯಿ ತೆರೆದು ತೋರಿಸಬೇಕು. ಮೊದಲು ನಾನೇ ನುಂಗಿದೆ. ಸಂಘದ ಕಾರ್ಯದರ್ಶಿಯಲ್ಲವೇ. ಚಪ್ಪಾಳೆ.

ಐಸ್ ವಿಭಾಗದವಳೊಬ್ಬಳು — ಎಲ್ಲರ ಬಾಯಲ್ಲೂ ಮೊಂಡಿ — ನಾಲಿಗೆಯಡಿ ಇಟ್ಟುಕೊಂಡು ಬಚ್ಚಲಲ್ಲಿ ಉಗಿದಳು. ಕಣ್ಣಾರೆ ಕಂಡೆ. ಹೆಂಗಸರೆಲ್ಲರ ಮುಂದೆಯೇ ಕೇಳಿದೆ.
"ಎಲ್ರೂ ಬಿಸಿಲಲ್ಲಿ ಕೂತು ಗೆದ್ದದ್ದನ್ನ ಉಗೀತೀಯಾ? ಕಂಪನಿ ಚೇಲಿ!"
"ನಂಗೇನಾಗಿದೆ ಅಂತ ನುಂಗ್ಲಿ? ಕಲ್ಲು ತಿಂದ್ರೂ ಕರಗಿಸ್ತೀನಿ. ಮೊದ್ಲು ಟ್ಯಾಂಕ್ ತೊಳೆಸು, ಮಹಾತಾಯಿ."
ಸಂಘದಿಂದ ಕಿತ್ತು ಹಾಕಿದೆ.

ಜನವರಿ 30
ಅಕ್ಕ ಮತ್ತೆ ಆಸ್ಪತ್ರೆಯಲ್ಲಿ. ಆಪರೇಷನ್ನಿನ ಹೊತ್ತಿಗೆ ಕೊಟ್ಟ ಆಂಟಿಬಯಾಟಿಕ್ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾವನ್ನೆಲ್ಲ ಸವರಿ ಹಾಕಿದೆ. ಉಳಿದ ಪುಂಡ ಕ್ರಿಮಿಯದೇ ದರ್ಬಾರು. ಭೇದಿ ನಿಲ್ಲುತ್ತದೆ, ಮತ್ತೆ ಬರುತ್ತದೆ. ಡಾಕ್ಟರಮ್ಮ ಒಂದು ದಾರಿ ಹೇಳಿದರು: ಗಟ್ಟಿಮುಟ್ಟಾದವರ ಮಲ ಸಂಸ್ಕರಿಸಿ ಅಕ್ಕನ ಕರುಳಿಗೆ ಸೇರಿಸುವುದು. ನಾನೇ ಕೊಡುತ್ತೇನೆ ಎಂದೆ.

ಅಕ್ಕ ಎಲುಬಿನ ಗೂಡಾಗಿದ್ದಾಳೆ. ನಾಲಿಗೆ ಮಾತ್ರ ಹರಿತ. "ಚಿಕ್ಕಂದಿಂದ ನನ್ನ ಲಂಗ, ನನ್ನ ಚಪ್ಪಲಿ, ಎಲ್ಲಾ ಕಿತ್ಕೊಂಡೆ. ವಾಪಸ್ ಕೊಡೋದು ಇದೇನೇ?"
ನಕ್ಕೆವು.
"ಇತ್ತೀಚೆಗೆ ಆಂಟಿಬಯಾಟಿಕ್ ತಗೊಂಡಿದ್ದೀರಾ?" ಡಾಕ್ಟರಮ್ಮ.
ನಗು ನಿಂತಿತು. "ತಗೊಂಡೆ... ಆದ್ರೆ ನಂಗೇನೂ ಆಗ್ಲಿಲ್ಲ."
"ಅಲ್ಲೇ ಮೋಸ ಹೋಗೋದು. ಮೇಲೆ ಏನೂ ಗೊತ್ತಾಗಲ್ಲ. ಒಳಗೆ ಒಳ್ಳೆ ಬ್ಯಾಕ್ಟೀರಿಯಾಗಳ ಊರಿಗೂರೇ ಖಾಲಿ. ಹೆಚ್ಚಿನವು ವಾಪಸ್ ಬರ್ತವೆ, ತಿಂಗಳುಗಟ್ಟಲೆ ಬೇಕು. ಕೆಲವು ಬರೋದೇ ಇಲ್ಲ."
ಭಾವನಿಗೆ ಸಕ್ಕರೆ ಕಾಯಿಲೆ, ಆಗದು. ನಮಗೆ ಬೇರೆ ಹತ್ತಿರದವರಿಲ್ಲ. ನನ್ನ ಸಾಲಿನ ಹೆಂಗಸರೆಲ್ಲ "ನಂದು ತಗೋ" ಎಂದರು. ಎಲ್ಲರೂ ನುಂಗಿದವರೇ. ನನ್ನ ಮಾತು ಕೇಳಿ ನುಂಗಿದವರು.
ನುಂಗದವಳು ಒಬ್ಬಳಿದ್ದಾಳೆ. ಅವಳ ಕಾಲಿಗೆ ಬೀಳಬೇಕೇ? ಸತ್ತರೂ ಇಲ್ಲ. ನನ್ನ ಹೊಟ್ಟೆಯೇ ಸರಿಹೋಗಲಿ. ಕಾಯುತ್ತೇನೆ.

ಏಪ್ರಿಲ್ 12
ನನ್ನ ಮಲ ಪರೀಕ್ಷೆಯ ರಿಪೋರ್ಟ್ ಬಂತು. ಒಳಗಿನ ಊರು ಅರ್ಧವೂ ತುಂಬಿಲ್ಲ. ಅಕ್ಕ ಈಗ ಜೋಕು ಮಾಡುವುದಿಲ್ಲ. ಗೋಡೆ ನೋಡುತ್ತಾಳೆ. ಸತ್ತರೂ ಇಲ್ಲ ಎಂದೆನಲ್ಲ — ಸಾಯುತ್ತಿರುವುದು ಯಾರು? ಥೂ, ನನ್ನ ಜನ್ಮಕ್ಕೆ.

ಏಪ್ರಿಲ್ 13
ಐಸ್ ವಿಭಾಗಕ್ಕೆ ಹೋದೆ. ಮೊಂಡಿ ಮೀನು ಸೀಳುತ್ತಲೇ ಇದ್ದಳು, ತಲೆ ಎತ್ತಲಿಲ್ಲ. ಅಕ್ಕನ ವಿಷಯ ಹೇಳಿದೆ.
"ಸಂಘದಿಂದ ಆಚೆ ನೂಕ್ದೆ. ಈಗ ನನ್ನ ಕಕ್ಕಸಿಗೆ ಕೈ ಚಾಚಿದೀಯಾ."
"ಹೂಂ."
"ಎಲ್ರ ಮುಂದೆ ಚೇಲಿ ಅಂದೆ."
"ಅಂದೆ. ಎಲ್ರ ಮುಂದೇನೇ ತಪ್ಪಾಯ್ತು ಅಂತೀನಿ."
ಚಾಕು ಕೆಳಗಿಟ್ಟಳು. "ಅದೆಲ್ಲ ಆಮೇಲೆ. ಡಬ್ಬಿ ಅವ್ರೇ ಕೊಡ್ತಾರಾ, ನಾನೇ ತರ್ಬೇಕಾ?"

ಏಪ್ರಿಲ್ 26, ಊಟದ ಬಿಡುವು
ಮೊಂಡಿ ಎಲ್ಲ ಪರೀಕ್ಷೆಯಲ್ಲೂ ಪಾಸ್. ನಾಳೆ ಬೆಳಿಗ್ಗೆ ಕೊಡಬೇಕು. ಅಕ್ಕ ಕೇಳಿ ಕಳಿಸಿದ್ದಾಳೆ: "ಅವಳು ಏನು ತಿಂತಾಳೆ, ವಿಚಾರ್ಸು." ಜೋಕು! ಕಣ್ಣಲ್ಲಿ ನೀರು ಬಂತು.

ಆದರೆ ಹಾಸ್ಟೆಲ್ಲಿನಲ್ಲಿ ಮತ್ತೆ ಭೇದಿ. ಟ್ಯಾಂಕ್ ಹಾಗೇ ಇದೆ, ಪಾಚಿ ಸಮೇತ. ಸೂಪರ್‌ವೈಸರ್ ಮತ್ತೆ ಮಾತ್ರೆ ಡಬ್ಬಿ ಹಿಡಿದು ಬಂದಿದ್ದಾನೆ. ಈ ಸಲ ಕೈಯಲ್ಲಿ ಟಾರ್ಚು, ನಾಲಿಗೆ ಎತ್ತಿಸಿ ನೋಡುತ್ತಾನಂತೆ. ನುಂಗದವರು ಗೇಟಿನಾಚೆ.
"ನೀವೇ ಹೋರಾಡಿ ತಗೊಂಡಿದ್ದಲ್ವಾ, ಕಾರ್ಯದರ್ಶಿ? ಬನ್ನಿ, ಮೊದಲು ನೀವೇ."
ಬಿಡುವು ಮುಗಿದ ಮೇಲೆ ಸಾಲು. ನನ್ನ ಹಿಂದೆಯೇ ಮೊಂಡಿ. ಅವಳು ಇಂದು ನುಂಗಿದರೆ ನಾಳೆ ಅಕ್ಕನಿಗೆ ಕೊಡುವಂತಿಲ್ಲ. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದಾರೆ.
ಗಂಟೆ ಹೊಡೆಯಿತು. ಬಾಯಿ ತೆರೆಯುತ್ತೇನೆ. ನುಂಗುವುದಕ್ಕಲ್ಲ. ಎಲ್ಲರ ಮುಂದೆ ಮೊಂಡಿಯ ಮಾತೇ ಹೇಳುವುದಕ್ಕೆ: ಮೊದಲು ಟ್ಯಾಂಕ್ ತೊಳೆಸಿ —