ಜೇಡದ ಕಾಲು

ಅಪ್ಪಾ,

ನೀವು ಕಲಿಸಿದ ಜೇಡ ತಪ್ಪು. ಹೊಟ್ಟೆಯ ಸುತ್ತ ಎಂಟು ಕಾಲು ಎಳೆಯಲು ಹೇಳಿಕೊಟ್ಟಿರಿ; ಹುಳದ ಔಷಧಿ ಅಂಗಡಿಯ ಬೋರ್ಡಿಗೂ ಹಾಗೆಯೇ ಬರೆದುಕೊಟ್ಟಿರಿ. ನಾನೂ ಮೂರನೇ ಕ್ಲಾಸಿನ ಮಕ್ಕಳಿಗೆ ಧೈರ್ಯವಾಗಿ ಅದನ್ನೇ ಕಲಿಸಿದೆ. ದರ್ಜಿಯ ಮಗಳು ಕಿಟಕಿಯ ಮೂಲೆಯಲ್ಲಿದ್ದ ಜೇಡದತ್ತ ಬೆರಳು ತೋರಿಸಿ, "ಮಿಸ್, ಕಾಲೆಲ್ಲ ಎದೆಯಿಂದ ಬಂದಿವೆ. ಹೊಟ್ಟೆ ಹಿಂದೆ ಸುಮ್ನೆ ಜೋತಾಡ್ತಿದೆ" ಅಂದಳು. ಕುರ್ಚಿ ಹತ್ತಿ ನೋಡಿದೆ. ಅವಳು ಹೇಳಿದ್ದೇ ಸರಿ.

ಈಗ ಎಲ್ಲರೂ ಕಾಲನ್ನು ಸರಿಯಾದ ಜಾಗದಲ್ಲೇ ಬರೆಯುತ್ತಾರೆ. ಆದರೂ ನಲವತ್ತು ಜೇಡಗಳಲ್ಲಿ ಒಂದಕ್ಕೂ ಜೀವವಿಲ್ಲ. ಎಲ್ಲವೂ ಛತ್ರಿಯ ಕಡ್ಡಿಗಳ ಹಾಗೆ ಸೆಟೆದು ನಿಂತಿವೆ. ಗೆರೆ ಎಳೆಯುವಾಗ ಕೈ ಅಲುಗಬಾರದು ಎಂದು ಅವರಿಗೆ ಕಲಿಸಿದವಳು ನಾನು, ನನಗೆ ಕಲಿಸಿದವರು ನೀವು.

ಕೈ ನಡುಗುತ್ತದೆ, ಬ್ರಷ್ಷುಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಬರೆದಿದ್ದೀರಿ. ಆ ಪತ್ರ ನನ್ನ ಬಳಿಯೇ ಇದೆ. ಲಕೋಟೆಯ ಮೇಲೆ ಅದೇ ಕೈಯಿಂದ ನೀವು ಬರೆದ ವಿಳಾಸವನ್ನು ಮಾತ್ರ ಕತ್ತರಿಸಿ ಕಪ್ಪುಹಲಗೆಗೆ ಅಂಟಿಸಿದೆ. "ಈ ಗೆರೆ ನೋಡಿ, ಹೇಗೆ ನಡೀತಾ ಇದೆ. ಕಾಲು ಹೀಗೆ ಬರಬೇಕು" ಅಂದೆ. ಮಕ್ಕಳು ಇಡೀ ಪೀರಿಯಡ್ ಒದ್ದಾಡಿದರು. ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ.

ಗುರುವಾರ ಹನ್ನೊಂದಕ್ಕೆ ಡ್ರಾಯಿಂಗ್ ಕ್ಲಾಸ್. ಒಂಬತ್ತರ ಬಸ್ಸಿಗೆ ಹೊರಡಿ, ಸಣ್ಣ ಬ್ರಷ್ ತನ್ನಿ. ಕನ್ನಡಕ ಮರೆಯಬೇಡಿ. ಹೆಡ್ ಮಿಸ್ ಹತ್ತಿರ ಆಗಲೇ ಒಪ್ಪಿಗೆ ತೆಗೆದುಕೊಂಡಿದ್ದೇನೆ, ನಿಮ್ಮದನ್ನು ಕೇಳುತ್ತಿಲ್ಲ.

ಹೊಟ್ಟೆ ಎಲ್ಲಿರಬೇಕು ಎಂದು ದರ್ಜಿಯ ಮಗಳು ನಿಮಗೆ ಹೇಳಿಕೊಡುತ್ತಾಳೆ. ಕಾಲನ್ನು ನೀವು ಅವಳಿಗೆ ಹೇಳಿಕೊಡಿ.

ನಿಮ್ಮಷ್ಟೇ ಹಟಮಾರಿ,
ಕಿರಿ ಮಗಳು