ಪಕ್ಕದ ಬೀದಿಯಿಂದ ಗುರುಮಲ್ಲಪ್ಪನವರಿಗೆ

ಪಕ್ಕದ ಬೀದಿ,
ಶಾಂತಿ ಶಕೆ ೧೧೨, ಆಷಾಢದ ಮೂವತ್ತೊಂಬತ್ತನೇ ದಿನ

ಸೌಗಂಧಿಕಾ ಬಡಾವಣೆ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರಾದ ಗುರುಮಲ್ಲಪ್ಪನವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ನೀಲಲೋಚನೆ ಮಾಡುವ ನಮಸ್ಕಾರಗಳು. ನನಗೆ ಮೊಮ್ಮಗಳೇ ಇಲ್ಲವಲ್ಲ ಎಂದು ನೀವು ಕನ್ನಡಕ ಸರಿಮಾಡಿಕೊಳ್ಳುತ್ತೀರಿ. ಸ್ವಲ್ಪ ತಾಳಿ. ಆಷಾಢಕ್ಕೆ ಮೂವತ್ತೊಂಬತ್ತು ದಿನ ಎಲ್ಲಿಂದ ಬಂತು ಎಂದೂ ಕೇಳುತ್ತೀರಿ. ಆಕ್ಷೇಪಣೆ ಸಲ್ಲಿಸಲು ಒಂದು ತಿಂಗಳು ಏನೇನೂ ಸಾಲದೆಂದು ನಿವಾಸಿಗಳು ಪದೇ ಪದೇ ಗೋಗರೆದದ್ದರಿಂದ ಸರ್ಕಾರ ತಿಂಗಳನ್ನೇ ಉದ್ದ ಮಾಡಿಬಿಟ್ಟಿತು. ಕಾಗದ ಹೇಗೆ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಗೇಟಿನ ಪೆಟ್ಟಿಗೆಯಲ್ಲಿ, ಟ್ಯೂಷನ್ನಿನ ಕರಪತ್ರಗಳ ನಡುವೆ ಇರುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಕ್ಷಮೆ ಇರಲಿ. ನಾನು ಕೇಳುವ ಕ್ಷಮೆ ಅದೊಂದಕ್ಕೇ.

ಈ ಕಾಗದ ನಿಮ್ಮ ಕೈ ಸೇರುವ ದಿನ ಬೆಳಿಗ್ಗೆ ನಿಮ್ಮ ಜಗಲಿಯ ಮೇಲೆ ನಡೆದ ಸಭೆಯನ್ನು ಯಾರೋ ಫೋನಿನಲ್ಲಿ ಹಿಡಿದಿಟ್ಟಿದ್ದರು. ಅದನ್ನು ನಮ್ಮ ಕಾಲದ ಶಾಲೆಗಳಲ್ಲಿ ಮಕ್ಕಳಿಗೆ ಪಾಠವಾಗಿ ಕೇಳಿಸುತ್ತಾರೆ. ಹೆಮ್ಮೆಪಡಬೇಡಿ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಊರಿನ ವಲಯ ನಿಯಮಗಳನ್ನು ಬದಲಿಸಿ, ಮನೆಗಳ ಬೀದಿಯಲ್ಲೂ ಸಣ್ಣ ಅಂಗಡಿ, ಗಿರಣಿ, ಆಸ್ಪತ್ರೆಗಳಿಗೆ ಅವಕಾಶ ಕೊಡುವ ಮಾತು ನಡೆದಿದೆ. ನಿಮ್ಮ ನಾಲ್ಕನೇ ಕ್ರಾಸಿನ ಡಾಕ್ಟರ್ ಫಿಲೋಮಿನಾ ತಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಹೆರಿಗೆ ಆಸ್ಪತ್ರೆ ತೆರೆಯಲು ಮಂಚಗಳನ್ನೂ ತರಿಸಿಕೊಂಡು ಕಾದಿದ್ದಾರೆ. ನಾಳೆ ಪ್ರಾಧಿಕಾರದ ಕಚೇರಿಯಲ್ಲಿ ಅಹವಾಲು ಕೇಳುತ್ತಾರೆ. ಅದಕ್ಕೇ ನಿಮ್ಮ ಸಭೆ.

ನಿವೃತ್ತ ಪ್ರೊಫೆಸರ್ ಅನಂತಶಯನ ಮೊದಲು ಬಾಯಿ ತೆರೆದರು. "ರಾತ್ರಿ ಹೊತ್ತು ಹೆಂಗಸ್ರು ಕಿರುಚ್ತಾರೆ ಕಣ್ರೀ. ನನಗೆ ಬಿ.ಪಿ. ಇದೆ." ಆಮೇಲೆ ವಿಶಾಲಮ್ಮನವರು. "ಆಟೋಗಳು ಬಂದು ನಮ್ಮ ಗೇಟ್ ಮುಂದೇನೇ ನಿಲ್ತವೆ. ದಿನಾ ಹಾಕೋ ರಂಗೋಲಿ ಗತಿ ಏನು?" ಈ ತಾಯಿ ಹಿತ್ತಿಲಿನ ಮೂರು ಕೋಣೆಗಳಲ್ಲಿ ಹನ್ನೊಂದು ಹುಡುಗರನ್ನು ಬಾಡಿಗೆಗೆ ತುಂಬಿಕೊಂಡಿರುವುದನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ನಿಮ್ಮ ಕಾರ್ ಷೆಡ್ಡಿನ ಝೆರಾಕ್ಸ್ ಅಂಗಡಿಯ ಮಾತೂ ಬರುತ್ತಿತ್ತಲ್ಲ! ಕೊನೆಗೆ ನೀವು ಗಂಟಲು ಸರಿಮಾಡಿಕೊಂಡಿರಿ. "ಹೆರಿಗೆ ಆಸ್ಪತ್ರೆ ಬೇಡ ಅಂತ ನಾನೆಲ್ಲಿ ಹೇಳ್ದೆ? ಬೇಕು, ಬೇಕೇ ಬೇಕು. ಆದ್ರೆ ಪಕ್ಕದ ಬೀದೀಲಿರ್ಲಿ ಅಂತೀನಿ, ಅಷ್ಟೇ." ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಏಳು ತಿಂಗಳ ಬಸುರಿಯಾದ ನಿಮ್ಮ ಸೊಸೆ ದಾಕ್ಷಾಯಿಣಿ, "ಮಾವ, ಕಾಫಿ ತಣ್ಣಗಾಗ್ತಿದೆ" ಎಂದದ್ದು ಕೇಳುತ್ತದೆ. ನೀವು, "ಅಲ್ಲಿಡಮ್ಮ" ಎಂದು ಮತ್ತೆ ಮಾತಿಗೆ ತೊಡಗಿದಿರಿ.

ಅದೇ ಹೊತ್ತಿನಲ್ಲಿ ನಿಮ್ಮ ಪಕ್ಕದ ಬೀದಿಯಲ್ಲೂ ಸಭೆ ಸೇರಿತ್ತು. ಅಲ್ಲಿಯವರೂ ಆಸ್ಪತ್ರೆ ಪಕ್ಕದ ಬೀದಿಯಲ್ಲಿರಲಿ ಎಂದರು. ಅದರಾಚೆಯವರೂ ಅದನ್ನೇ ಬರೆದುಕೊಟ್ಟರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಸರ್ಕಾರ ಎಲ್ಲರ ಆಕ್ಷೇಪಣೆಗಳನ್ನೂ ಒಪ್ಪಿಕೊಂಡಿತು. ಅದೇ ನಮ್ಮ ಶಕೆಯ ಮೊದಲ ದಿನ. ಹೊಸ ನಿಯಮದಲ್ಲಿ ಎರಡೇ ವಲಯ. ನಿಮ್ಮಂಥವರಿಗೆ ಶಾಂತಿ ವಲಯ, ಉಳಿದದ್ದಕ್ಕೆಲ್ಲ ಪಕ್ಕದ ಬೀದಿ ವಲಯ. ಎಲ್ಲೆಲ್ಲಿ ಸಂಘವಿತ್ತೋ ಅಲ್ಲಿಂದೆಲ್ಲ ಈ ಎರಡನೆಯದನ್ನು ತಳ್ಳುತ್ತಾ ತಳ್ಳುತ್ತಾ, ನಂಜನಗೂಡನ್ನೂ ದಾಟಿ, ಸಂಘ ಕಟ್ಟಲು ಯಾರೂ ಇಲ್ಲದ ಒಂದು ಬಯಲಿನಲ್ಲಿ ತಂದು ನಿಲ್ಲಿಸಿದರು. ನಾನಿರುವುದು ಅಲ್ಲಿ. ನಮ್ಮ ಊರಿನ ಹೆಸರೇ ಪಕ್ಕದ ಬೀದಿ.

ನನ್ನದು ಹಿಟ್ಟಿನ ಗಿರಣಿ. ಎಡಕ್ಕೆ ಮದುವೆ ಛತ್ರ, ಬಲಕ್ಕೆ ಸುಡುಗಾಡು, ಎದುರಿಗೆ ಮೀನಿನ ಮಾರುಕಟ್ಟೆ, ಹಿಂದೆ ಶಾಲೆ. ವಾಲಗವೂ ಚಟ್ಟದ ತಮಟೆಯೂ ಒಟ್ಟಿಗೆ ಶುರುವಾದರೆ ನೆಂಟರು ಯಾವ ಮೆರವಣಿಗೆಗೆ ಸೇರಬೇಕೆಂದು ತಿಳಿಯದೆ ನಡುರಸ್ತೆಯಲ್ಲಿ ನಿಂತಿರುತ್ತಾರೆ. ಆದರೂ ನಮ್ಮಲ್ಲಿ ಮನುಷ್ಯರಿದ್ದಾರೆ. ನಿಮ್ಮ ಶಾಂತಿ ವಲಯದಲ್ಲಿ ಮೌನಗಾರರಿದ್ದಾರೆ. ಮೌನಗಾರನೆಂದರೆ ಸದ್ದು ಅಳೆಯುವ ಕೋಲು ಹಿಡಿದು ಮನೆಮನೆ ಸುತ್ತುವ ನೌಕರ. ಕುಕ್ಕರ್ ಸೀಟಿ ಹಾಕುವಂತಿಲ್ಲ. ಸಾಸಿವೆ ಸಿಡಿಸಲು ಒಗ್ಗರಣೆ ರಹದಾರಿ ಬೇಕು, ಅದೂ ವಾರಕ್ಕೆರಡು ಸಲ. ಉಪ್ಪು ಬೇಕಾದರೂ ನಮ್ಮಿಂದಲೇ ತೂಗುಬಂಡಿಯಲ್ಲಿ ಹೋಗಬೇಕು. ಅದು ಹಗ್ಗಕ್ಕೆ ಜೋತುಬಿದ್ದು ಹೊಲಗಳ ಮೇಲೆ ತೆವಳುವ ಪೆಟ್ಟಿಗೆ. ಕಾಯಿಲೆ ಬಿದ್ದವರು ಅದರಲ್ಲೇ ನಮ್ಮ ಬಳಿ ಬರುತ್ತಾರೆ, ಸತ್ತವರೂ ಅದರಲ್ಲೇ ಬರುತ್ತಾರೆ. ಹಗ್ಗ ಕಿರ್ರೆನ್ನುತ್ತದೆ ಎಂಬ ಆಕ್ಷೇಪಣೆಯಿಂದಾಗಿ ದೀಪ ಹಚ್ಚಿದ ಮೇಲೆ ಬಂಡಿ ಓಡುವುದಿಲ್ಲ.

ನನ್ನ ಒಬ್ಬಳೇ ಮಗಳು ಶಿವಗಂಗೆ ನಿಮ್ಮ ಅದೇ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಗಿರಣಿಯ ಸದ್ದಿಗೆ ತಲೆನೋವು ಬರುತ್ತದೆಂದು ಮದುವೆಯಾದ ವರ್ಷವೇ ಅಲ್ಲಿಗೆ ಹೋದಳು. ಈಗ ಅವಳಿಗೆ ಒಂಬತ್ತು ತಿಂಗಳು. ಈ ವರ್ಷ ಇಬ್ಬರು ಹೆಂಗಸರು ತೂಗುಬಂಡಿಯಲ್ಲೇ ಹೆತ್ತರು, ರಾತ್ರಿ ನೋವು ಬಂದ ಮೂರನೆಯವಳಿಗೆ ಬಂಡಿಯೇ ಸಿಗಲಿಲ್ಲ. ಆ ಸಾವಿನ ನಂತರ ಶಾಂತಿ ವಲಯದಲ್ಲಿ ಒಂದೇ ಒಂದು ಹೆರಿಗೆ ಕೋಣೆಗೆ ಅವಕಾಶ ಕೊಡಬೇಕೆಂಬ ತಿದ್ದುಪಡಿ ಬಂದಿದೆ. ಜಾಗವೂ ಗೊತ್ತಾಗಿದೆ, ನಾಲ್ಕನೇ ಕ್ರಾಸ್. ನಾನು ಗಿರಣಿ ನಿಲ್ಲಿಸಿ, ಮೈಮೇಲಿನ ಹಿಟ್ಟು ಕೊಡವಿಕೊಂಡು, ಒಪ್ಪಿಗೆ ಬರೆದುಕೊಡು ಎಂದು ಹೇಳಲು ಮಗಳ ಮನೆಗೆ ಓಡಿದೆ.

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಪಿಸುಮಾತಿನಲ್ಲಿ ಹೇಳಿದಳು. "ಆಗ್ಲೇ ಬರ್ಕೊಟ್ಟೆ ಕಣಮ್ಮ. ಹೆರಿಗೆ ಕೋಣೆ ಬೇಡ ಅಂತ ನಾನೆಲ್ಲಿ ಹೇಳ್ದೆ? ಬೇಕೇ ಬೇಕು. ಆದ್ರೆ ನಮ್ಮ ಮನೆ ಹತ್ರ ಬೇಡ, ಪಕ್ಕದ ಬೀದೀಲಿರ್ಲಿ." ರಾತ್ರಿ ನೋವು ಬಂದ್ರೆ ಏನೇ ಮಾಡ್ತೀಯ ಎಂದೆ. "ಹಗಲೇ ಬರತ್ತೆ, ಬಿಡಮ್ಮ" ಎಂದಳು. ನನ್ನ ಜೊತೆ ಬಾ ಎಂದು ಕಾಲಿಗೆ ಬೀಳುವುದೊಂದು ಬಾಕಿ. ನಮ್ಮಲ್ಲಿ ಗಲಾಟೆಯಂತೆ, ಬರುವುದಿಲ್ಲವಂತೆ. ಅಷ್ಟರಲ್ಲಿ ಕಿಟಕಿಯಾಚೆ ಮೌನಗಾರ ಕೋಲು ಎತ್ತಿ ಹಿಡಿದ, ನನ್ನ ದನಿ ಏರಿತ್ತು. ಮಾತು ನುಂಗಿಕೊಂಡು ಕೊನೆಯ ಬಂಡಿ ಹತ್ತಿದೆ. ಈಗ ಅವಳಿಗೆ ನೋವು ಬಂದಿದೆಯೋ ಏನೋ ಎಂದು ಕಿವಿ ನಿಮಿರಿಸಿಕೊಂಡೇ ಈ ಕಾಗದ ಬರೆಯುತ್ತಿದ್ದೇನೆ. ಸ್ವಾಮಿ, ನೀವು ಬಿಟ್ಟುಹೋದ ಮನೆಯ ಗೋಡೆಗಳು ಬಿರುಕು ಬಿಟ್ಟಿವೆ, ಬಾಗಿಲಿಗೆ ಗೆದ್ದಲು ಹಿಡಿದಿದೆ. ನಿಮ್ಮ ಆ ಒಂದು ಮಾತು ಮಾತ್ರ ಒಂದಕ್ಷರ ಸವೆಯದೆ ನನ್ನ ಮಗಳ ಬಾಯಿಗೆ ಬಂದು ಕೂತಿದೆ. ನಿಮ್ಮ ಮೇಲೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಬಹುವಚನ ಬಳಸುತ್ತಿರುವುದು ನನ್ನ ತಾಯಿ ಕಲಿಸಿದ ಸಂಸ್ಕಾರಕ್ಕಾಗಿ.

ನಿಮ್ಮಿಂದ ದೊಡ್ಡ ಉಪಕಾರವೇನನ್ನೂ ನಾನು ಕೇಳುವುದಿಲ್ಲ. ಆಕ್ಷೇಪಣೆ ಬರೆದು ಅಂಗಿಯ ಜೇಬಿನಲ್ಲಿ ಮಡಿಸಿಟ್ಟುಕೊಂಡಿದ್ದೀರಿ. ನಾಳೆ ಅದನ್ನು ಕೊಡುವ ಮುಂಚೆ, ಈ ಸಂಜೆ ನಿಮ್ಮ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಒಂದು ಸಲ ಗಟ್ಟಿಯಾಗಿ ಓದಿ. ಓದಲು ನಾಲಿಗೆ ಬಂದರೆ ಧಾರಾಳವಾಗಿ ಕೊಟ್ಟು ಬನ್ನಿ.

ನಿಮಗೆ ಹುಟ್ಟಲಿರುವುದು ಮೊಮ್ಮಗಳು. ಅವಳು ಹುಟ್ಟಿದ್ದು ಆಟೋದಲ್ಲಿ, ಊರಿನ ಆ ತುದಿಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಮುಚ್ಚಿದ ರೈಲ್ವೆ ಗೇಟಿನ ಮುಂದೆ. ಮಗು ಉಳಿಯಿತು, ಆದ್ದರಿಂದ ನಾನಿದ್ದೇನೆ. ದಾಕ್ಷಾಯಿಣಿಯವರದೆಂದು ನಮ್ಮಲ್ಲಿ ಒಂದು ಪಟವೂ ಇಲ್ಲ, ಒಂದು ಸೀರೆಯೂ ಇಲ್ಲ. ನಿಮ್ಮ ಸಭೆಯ ಚಪ್ಪಾಳೆಯ ನಡುವೆ ಸಿಕ್ಕಿಕೊಂಡ ಅವರ ಆ ಒಂದು ಮಾತಷ್ಟೇ ಉಳಿದಿದೆ. ಮಕ್ಕಳು ಅಲ್ಲಿ ಮಾತ್ರ ನಗುವುದಿಲ್ಲ.

ಎದ್ದು ಹೋಗಿ ಆ ಕಾಫಿ ಕುಡಿಯಿರಿ.

ನೀಲಲೋಚನೆ